ಎಲೆಗುಡ್ಡೆಯ ಬಿಸಿ

ಮಕ್ಕಳು ಬರುವ ಮೊದಲು, ಮಂಜು ಇನ್ನೂ ಅಂಗಳ ಬಿಟ್ಟೇಳದ ಹೊತ್ತಿನಲ್ಲಿ, ಶಾಲೆಯ ಆಯಮ್ಮ ಉದ್ದ ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದಳು. ಸರಸರ ಸದ್ದಿಗೆ ಕಣ್ಣು ಅರೆ ಮುಚ್ಚುತ್ತಿತ್ತು. ಕೈ ತನ್ನ ಪಾಡಿಗೆ ತಾನು ಗುಡಿಸುತ್ತಿತ್ತು, ಮನಸ್ಸು ಎಲ್ಲೋ ತೇಲುತ್ತಿತ್ತು. ಎಲೆಗೆ ಬೆಂಕಿ ಹಚ್ಚು ಎಂದು ಹಿಂದಿನ ಹೆಡ್‌ಮಾಸ್ಟರು ಹೇಳಿದ್ದರು. ಹೊಗೆಗೆ ಒಂದನೇ ತರಗತಿಯ ಚಿಳ್ಳೆಪಿಳ್ಳೆಗಳು ಕೆಮ್ಮುವುದನ್ನು ನೋಡಲಾರದೆ ಆಕೆ ಎಲ್ಲವನ್ನೂ ನೀರಿನ ಟ್ಯಾಂಕಿನ ಹಿಂದೆ ಸುರಿಯತೊಡಗಿದಳು. ಅದಾಗಿ ಹನ್ನೊಂದು ವರ್ಷ. ಆ ಕಡೆ ಯಾರೂ ತಲೆ ಹಾಕಿರಲಿಲ್ಲ.

ಒಂದು ಬೆಳಗ್ಗೆ ಬೇಗ ಬಂದಿದ್ದ ವಿಜ್ಞಾನದ ಟೀಚರ್ ಟ್ಯಾಂಕಿನ ಹಿಂದೆ ಆವಿ ಏಳುವುದನ್ನು ಕಂಡು ಓಡಿಬಂದಳು.

“ಆಯಮ್ಮ, ಬೆಂಕಿ ಹಚ್ಚಿದೀರಾ?”

“ಇಲ್ಲ ಟೀಚರ್. ಅದು ಹಾಗೇ ಉಸಿರಾಡುತ್ತೆ. ಕೈ ಇಟ್ಟು ನೋಡಿ.”

ಟೀಚರ್ ಮೊಣಕೈವರೆಗೆ ಕೈ ತೂರಿಸಿದಳು, ಬೆಚ್ಚಿ ಎಳೆದುಕೊಂಡಳು, ಮತ್ತೆ ತೂರಿಸಿದಳು.

“ನಾಳೆ ಏಳನೇ ಕ್ಲಾಸಿಗೆ ಪರಿಸರದ ಪಾಠ ನೀವೇ ಮಾಡ್ಬೇಕು.”

“ತಮಾಷೆ ಮಾಡ್ಬೇಡಿ. ನಾನೇನು ಓದಿದವಳಾ?”

“ಪುಸ್ತಕದಲ್ಲಿ ಇದರ ಬಗ್ಗೆ ಮೂರು ಸಾಲಿದೆ. ವರ್ಷಾನುಗಟ್ಟಲೆ ಅದನ್ನೇ ಓದಿ ಹೇಳ್ತಿದೀನಿ. ಕೈ ಇಟ್ಟಿದ್ದು ಇವತ್ತೇ.”

ಸಂಜೆ ಮನೆಯಲ್ಲಿ, ಹೊಲಿಗೆ ಮಿಷನ್ ತುಳಿಯುತ್ತಿದ್ದ ತಂಗಿ ವಿಷಯ ಕೇಳಿ ಕಾಲು ನಿಲ್ಲಿಸಿದಳು. “ಅಕ್ಕಾ, ಅಭ್ಯಾಸಬಲದಲ್ಲಿ ಮಕ್ಕಳನ್ನೂ ಗುಡಿಸಿ ಮೂಲೆಗೆ ಹಾಕ್ಬಿಟ್ಟೀಯ” ಎಂದು ನಕ್ಕಳು. ನಗುತ್ತಲೇ ಎದ್ದು ಅಕ್ಕನ ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿದಳು.

ಮರುದಿನ ನಲವತ್ತು ಮುಖಗಳ ಎದುರು ನಿಂತಾಗ ಆಯಮ್ಮ ಕಲಿತಿಟ್ಟುಕೊಂಡಿದ್ದ ನಾಲ್ಕು ಮಾತೂ ಹಾರಿಹೋದವು. ಕೊನೆಗೆ, “ಏಳಿ, ಬನ್ನಿ” ಎಂದಷ್ಟೇ ಹೇಳಿ ಟ್ಯಾಂಕಿನತ್ತ ನಡೆದಳು.

ಮಕ್ಕಳು ಗುಡ್ಡೆಯ ಸುತ್ತ ಕೂತು ಕೈ ತೂರಿಸಿದರು. ಗದ್ದಲ ತಾನಾಗಿ ಇಳಿಯಿತು.

“ಆಯಮ್ಮ, ಇದಕ್ಕೆ ಜ್ವರ ಬಂದಿದೆಯಾ?” ಎಂದಳು ಎರಡು ಜಡೆಯ ಹುಡುಗಿ.

“ಜ್ವರ ಅಲ್ಲ ಮಗಾ, ಒಳಗೆ ಊಟ ನಡೀತಿದೆ. ಕಣ್ಣಿಗೆ ಕಾಣದ ಜೀವಗಳು ಎಲೆ ತಿಂತಿವೆ. ಉಂಡ ಮೇಲೆ ನಿಂಗೂ ಮೈ ಬೆಚ್ಚಗಾಗಲ್ವಾ?”

ಸಲಿಕೆಯಿಂದ ಪಕ್ಕವನ್ನು ಕಡಿದು ತೋರಿಸಿದಳು. ಮೇಲೆ ಇಡೀ ಎಲೆ, ಕೆಳಗೆ ನರಗಳಷ್ಟೇ ಉಳಿದ ಎಲೆ, ಇನ್ನೂ ಕೆಳಗೆ ನೆನೆದ ಮಡಕೆಯ ವಾಸನೆಯ ಕಪ್ಪು ಮಣ್ಣು. ಅದರ ನಡುವೆ ಕೆಂಪಗೆ ಏನೋ ಹೊಳೆಯಿತು. ಆಯಮ್ಮ ಎಳೆದು, ಸೆರಗಿನಲ್ಲಿ ಒರೆಸಿದಳು. ಚಾಕೊಲೇಟಿನ ಹೊದಿಕೆ. ಬಣ್ಣ ಚೂರೂ ಮಾಸಿರಲಿಲ್ಲ.

“ಇದು ಬಿದ್ದಾಗ ನೀವೆಲ್ಲ ತೊಟ್ಟಿಲಲ್ಲಿದ್ರಿ. ಇವತ್ತಿನವರೆಗೂ ಇದನ್ನು ತಿನ್ನೋಕೆ ಯಾರೂ ಬಂದಿಲ್ಲ.”

ಒಂದೆರಡು ಕೈಗಳು ಮೆಲ್ಲಗೆ ಜೇಬಿನೊಳಗೆ ಹೋದವು.

ತರಗತಿಗೆ ಮರಳಿದ ಮೇಲೆ ಟೀಚರ್ ಕುರ್ಚಿ ತೋರಿಸಿದಳು. ಆಯಮ್ಮ ಕೊನೆಯ ಬೆಂಚಿಗೆ ಹೋದಳು. ಎರಡು ಜಡೆಯ ಹುಡುಗಿ ಸರಿದು ಜಾಗ ಕೊಟ್ಟಳು. ಕಿಟಕಿಯ ಬಿಸಿಲು ಡೆಸ್ಕಿನ ಮೇಲೆ ಮಲಗಿತ್ತು. ಟೀಚರ್‌ನ ದನಿ ದೂರದಿಂದ ಬಂದಂತೆ ಕೇಳುತ್ತಿತ್ತು: ಬೇರು, ನೀರು, ಮಣ್ಣು. ಗಾರೆ ನೆಲದಡಿಯಲ್ಲಿ ಇಷ್ಟು ವರ್ಷದ ಎಲೆಗಳೆಲ್ಲ ಸದ್ದಿಲ್ಲದೆ ಹರಡಿಕೊಳ್ಳುತ್ತಿವೆ, ಕಟ್ಟಡವೇ ಅವುಗಳ ಮೇಲೆ ಬೆಚ್ಚಗೆ ತೇಲುತ್ತಿದೆ ಅನ್ನಿಸಿತು ಆಕೆಗೆ. ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ತನ್ನನ್ನೇ ನೋಡತೊಡಗಿದಾಗ ಎಚ್ಚರವಾಯಿತು. ಗಂಟೆ ಹೊಡೆಯಬೇಕಾದವಳು ಆಕೆಯೇ. ಅಂದು ಶಾಲೆ ಹತ್ತು ನಿಮಿಷ ತಡವಾಗಿ ಬಿಟ್ಟಿತು.

ಆಮೇಲೆ ಪ್ರತಿ ಶುಕ್ರವಾರದ ಒಂದು ಪೀರಿಯಡ್ ಆಯಮ್ಮನದಾಯಿತು. ಮಳೆಗೆ ಮುಂಚೆ ಮಕ್ಕಳು ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಕಾಂಪೌಂಡಿನುದ್ದಕ್ಕೂ ಸುರಿದು ಸಸಿ ನೆಟ್ಟರು. ಆಯಮ್ಮ ಹಿಂದೆಯೇ ನಡೆಯುತ್ತ, ಬಾಗಿದ ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿದಳು.