ಹೆಬ್ಬೂರಿನಲ್ಲಿ ಹೇಳಬೇಕಿದ್ದ ಮಾತು

ಕಾರು ನನ್ನ ಹೆಸರಿನಲ್ಲಿದೆ. ಸಾಲದ ಕಂತು ನನ್ನ ಸಂಬಳದಿಂದ ಹೋಗುತ್ತದೆ. ಆದರೆ ಶೋರೂಮಿನ ಹುಡುಗ ಫೋನ್ ನಂಬರ್ ಕೇಳಿದಾಗ ನಮ್ಮನೆಯವರು ನನಗಿಂತ ಮೊದಲೇ ಬಾಯಿ ತೆರೆದು ತಮ್ಮದನ್ನು ಕೊಟ್ಟರು. ಗ್ಯಾಸಿಗೆ ಅವರ ನಂಬರು, ಕರೆಂಟ್ ಬಿಲ್ಲಿಗೆ ಅವರ ನಂಬರು, ಕಾರಿಗೂ ಅದೇ ಇರಲಿ ಅಂದುಕೊಂಡೆ. ಇಂಥದ್ದಕ್ಕೆಲ್ಲ ಜಗಳ ತೆಗೆದರೆ ಸಂಸಾರ ಮಾಡಲಿಕ್ಕೆ ಆಗುತ್ತದೆಯೇ?

ನನ್ನ ಹೆಸರು ಉಮಾಮಹೇಶ್ವರಿ. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಕೆಲಸ ಹೆಬ್ಬೂರಿನ ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮನೆಯವರು ಗುರುಪ್ರಕಾಶ್, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಬಸ್ಸಿನಲ್ಲಿ ನೇತಾಡಿ ನೇತಾಡಿ ಸೊಂಟ ಬಿದ್ದುಹೋದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತೆ. ಚೆನ್ನಾಗಿಯೇ ಓಡಿಸುತ್ತೇನೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಇವರಿಗಿಂತ ಚೆನ್ನಾಗಿ ಓಡಿಸುತ್ತೇನೆ. ಮುಂಜಾನೆ ಕಾರು ತಗೊಂಡು ಶಾಲೆಯ ಹುಣಸೇಮರದ ಕೆಳಗೆ ನಿಲ್ಲಿಸಿದರೆ ಮಕ್ಕಳು ಓಡಿಬಂದು ಬ್ಯಾಗು ಇಸಿದುಕೊಳ್ಳುತ್ತಿದ್ದರು. ಅಷ್ಟು ಖುಷಿ ನನಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ.

ಒಂದೇ ಒಂದು ನಿಯಮವಿತ್ತು. ಇವರ ಕಡೆಯ ಬಂಧುಗಳ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಟೀರಿಂಗ್ ಇವರ ಕೈಯಲ್ಲಿರಬೇಕು. ಗುಬ್ಬಿಯಲ್ಲಿರುವ ಮಾವ ಚನ್ನವೀರಯ್ಯನವರಿಗೆ ಸೊಸೆ ಕಾರು ಓಡಿಸಿ ಮಗ ಪಕ್ಕದಲ್ಲಿ ಕೂರುವುದು ಸುತರಾಂ ಆಗದು. ಹಾಗಾಗಿ ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನಾವಿಬ್ಬರೂ ಸೀಟು ಬದಲಾಯಿಸುತ್ತಿದ್ದೆವು. ಬಂಕಿನವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಈ ವರ್ಷ ಬೇಸಿಗೆ ರಜೆಯಲ್ಲಿ ಕುಣಿಗಲ್ಲಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶವಿತ್ತು. ಸಂಜೆ ಹೊರಟಾಗ ಬಂಧುಬಳಗವೆಲ್ಲ ಗೇಟಿನ ಹತ್ತಿರ ನಿಂತಿತ್ತು, ಆದ್ದರಿಂದ ಇವರೇ ಓಡಿಸಲು ಕೂತರು. ಹೆಬ್ಬೂರು ದಾಟಿದ ಮೇಲೆ ನೀನು ತಗೋ ಅಂದರು. ಹೆಬ್ಬೂರು ಇನ್ನೂ ಸ್ವಲ್ಪ ದೂರವಿತ್ತು, ಆಗಷ್ಟೇ ಕತ್ತಲಾಗಿತ್ತು. ಎರಡೂ ಹೆಡ್‌ಲೈಟು ಒಟ್ಟಿಗೆ ಆರಿಹೋದವು. ಮಂಕಾಗಲಿಲ್ಲ, ಮಿಣುಕಲಿಲ್ಲ, ಇದ್ದ ಬೆಳಕು ಇಲ್ಲವಾಯಿತು, ಅಷ್ಟೇ. ಇವರು ಅಯ್ಯೋ ಎಂದು ಬ್ರೇಕ್ ಒತ್ತುವಷ್ಟರಲ್ಲಿ ಮುಂದೆ ಏನೋ ದಡ್ ಎಂದಿತು. ಹಾಲಿನ ಕ್ಯಾನುಗಳು ಟಾರು ರಸ್ತೆಯ ಮೇಲೆ ಉರುಳುತ್ತಾ ಹೋದ ಸದ್ದು ಕೇಳಿತು.

ಡೇರಿಗೆ ಹಾಲು ಹಾಕಲು ಮೊಪೆಡ್ಡಿನಲ್ಲಿ ಹೋಗುತ್ತಿದ್ದ ಕಾಳಯ್ಯ ಎಂಬ ವಯಸ್ಸಾದವರು ರಸ್ತೆಯ ಪಕ್ಕ ಬಿದ್ದಿದ್ದರು. ಹಿಂದಿನಿಂದ ಬಡಿದದ್ದರಿಂದ ಅವರು ನಮ್ಮನ್ನು ನೋಡಿರಲೇ ಇಲ್ಲ. ನಾವಿಬ್ಬರೂ ಇಳಿದು ಅವರ ಹತ್ತಿರ ಓಡಿದೆವು. ಅಷ್ಟರಲ್ಲಿ ತೋಟದ ಕಡೆಯಿಂದ ಟಾರ್ಚುಗಳು ಬಂದವು, ಜೊತೆಗೆ ಕೂಗೂ ಬಂತು. "ಯಾವನ್ಲಾ ಅವ್ನು ಓಡುಸ್ತಿದ್ದೋನು? ಹಿಡ್ಕಳ್ರಲಾ!"

ಇವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಉಮಾ, ನೀನೇ ಓಡಿಸ್ತಿದ್ದೆ ಅನ್ನು. ನಿನ್ ಗುರುತಿದೆ ಇವ್ರಿಗೆ, ಹೆಂಗಸ್ರ ಮೇಲೆ ಕೈ ಮಾಡಲ್ಲ. ನನ್ನಾದ್ರೆ ಸಾಯಿಸಿಬಿಡ್ತಾರೆ ಕಣೇ. ಆಮೇಲೆ ನಾನೇ ಎಲ್ಲಾರ್ಗೂ ನಿಜ ಹೇಳ್ತೀನಿ."

ಗಂಡ ಹೊಡೆತ ತಿನ್ನುವುದನ್ನು ಯಾವ ಹೆಂಡತಿ ನೋಡಿಕೊಂಡಿರುತ್ತಾಳೆ? ನಾನೇ ಓಡಿಸುತ್ತಿದ್ದೆ ಎಂದೆ. ಟಾರ್ಚು ನನ್ನ ಮುಖಕ್ಕೆ ಬಿತ್ತು. "ಏ, ನಮ್ ಸ್ಕೂಲ್ ಮೇಡಮ್ಮು ಕಣ್ರೋ" ಎಂದು ಯಾರೋ ಅಂದರು, ಎತ್ತಿದ ಕೈಗಳು ಕೆಳಗಿಳಿದವು. ಕಾಳಯ್ಯನವರನ್ನು ನಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸಾಗಿಸಿದೆವು. ಹೊರಡುವಾಗ ಹೆಡ್‌ಲೈಟು ಏನೂ ಆಗೇ ಇಲ್ಲವೆಂಬಂತೆ ಉರಿಯುತ್ತಿತ್ತು. ಕಾಳಯ್ಯನವರ ಕಾಲಿನ ಮೂಳೆ ಮುರಿದಿತ್ತು, ರಾಡು ಹಾಕಿದರು. ಊರಿನ ಹಿರಿಯರು ಕೇಸು ಬೇಡವೆಂದರು, ಆಸ್ಪತ್ರೆಯದೆಲ್ಲ ನಾವೇ ನೋಡಿಕೊಂಡೆವು.

ನಿಜ ಹೇಳುವ ಆ 'ಆಮೇಲೆ' ಬರಲೇ ಇಲ್ಲ. ಮೊದಲು ಗುಬ್ಬಿಯಿಂದ ಮಾವ ಫೋನು ಮಾಡಿದಾಗ ಇವರು ಒಂದು ಕ್ಷಣ ನನ್ನ ಮುಖ ನೋಡಿ, "ಹೂಂ ಅಪ್ಪಾಜಿ, ಇವಳೇ ಓಡಿಸ್ತಿದ್ಲು" ಅಂದರು. ಅಪ್ಪನಿಗೆ ಬಿಪಿ, ಈಗ ಬೇಡ ಎಂದು ನನಗೆ ಸಮಾಧಾನ ಹೇಳಿದರು. ಆಮೇಲೆ ಲೈಟು ಹೇಗೆ ಆರಿತು ಎಂದು ಯಾರಾದರೂ ಕೇಳಿದರೆ, ಗಾಬರೀಲಿ ಲೈಟಿನ ಲಿವರ್ ತಿರುಗಿಸಿರ್ತಾಳೆ ಅನ್ನತೊಡಗಿದರು. ಹೇಳಿ ಹೇಳಿ ನಾಲಗೆಗೆ ರೂಢಿಯಾಯಿತು. ನನ್ನೆದುರಿಗೇ, ನಾನು ಕಾಫಿ ತಂದುಕೊಡುವಾಗಲೇ ಹೇಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದೇನೋ, ಆ ಎಮ್ಮೆ ಬರೆ ಹಾಕಿದವನಿಗೇ ಕಾಫಿ ಸೋಸಿ ಕೊಡುತ್ತಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ.

ಕಾರಿನ ಕೀಲಿ ಇವರ ಜೇಬು ಸೇರಿತು. ಶಾಲೆ ಶುರುವಾದಾಗ ಮತ್ತೆ ಬಸ್ಸಿನಲ್ಲಿ ಹೋದೆ. ಹೆಬ್ಬೂರಿನಲ್ಲಿ ನನಗೆ ಹೊಸ ಹೆಸರು ಬಂದಿತ್ತು, ಕಾಳಯ್ಯನ ಕಾಲು ಮುರಿದ ಮೇಡಂ. ಎದುರಿಗೆ ಯಾರೂ ಅನ್ನಲಿಲ್ಲ, ಆದರೆ ಹೆಸರು ಎದುರಿಗೆ ಅಂದರೇ ತಿಳಿಯಬೇಕೆಂದಿಲ್ಲವಲ್ಲ. ವಾರಕ್ಕೊಮ್ಮೆ ಹಣ್ಣು ಹಿಡಿದು ಕಾಳಯ್ಯನವರ ಮನೆಗೆ ಹೋಗುತ್ತಿದ್ದೆ. ಅವರ ಸೊಸೆ ಕೋಮಲಾ ಹಣ್ಣನ್ನು ತೆಗೆದುಕೊಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಹೊಲ, ಹಸು, ಡೇರಿ ಎಲ್ಲ ಈಗ ಅವಳ ತಲೆಯ ಮೇಲೆ ಬಿದ್ದಿತ್ತು. ಕಾಳಯ್ಯ ಮಾತ್ರ ಪ್ರತಿಸಲವೂ, "ಬೇಕಂತ ಮಾಡಿದ್ರಾ ಮೇಡಮ್ಮೋರೇ, ಬುಡಿ" ಅನ್ನುತ್ತಿದ್ದರು.

ಆಷಾಢದಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಸೋಮಶೇಖರ್ ಮೇಷ್ಟ್ರು ಊಟದ ಡಬ್ಬಿ ಬಿಚ್ಚುತ್ತಾ, "ಮೇಡಂ, ನಿಮ್ದೂ ನಮ್ದೂ ಒಂದೇ ಕಾರಲ್ವಾ? ನಿಮ್ದು ರೀಕಾಲ್ ಆಯ್ತಾ?" ಎಂದು ಕೇಳಿದರು. ಏನು ರೀಕಾಲ್ ಎಂದೆ. ಆ ವರ್ಷದ ಗಾಡಿಗಳಲ್ಲಿ ಹೆಡ್‌ಲೈಟಿನ ಒಂದು ಭಾಗದಲ್ಲೇ ದೋಷವಿದೆಯಂತೆ, ಕಂಪನಿಯವರೇ ವಾಪಸ್ ಕರೆಸಿ ಪುಕ್ಕಟೆಯಾಗಿ ಬದಲಾಯಿಸಿ ಕೊಡುತ್ತಿದ್ದಾರಂತೆ. "ಓಡ್ತಾ ಓಡ್ತಾ ಎರಡೂ ಲೈಟು ಆಫ್ ಆಗೋಗುತ್ತಂತೆ ಮೇಡಂ, ಡೇಂಜರು" ಅಂದರು.

ನಾನು ಊಟ ಮಾಡಲಿಲ್ಲ. ಅಳು ಬಂತು, ಆದರೆ ಅದು ಸಂತೋಷದ ಅಳು. ಯಾರದೂ ತಪ್ಪಲ್ಲ! ಕಾರಿನದೇ ತಪ್ಪು! ಇನ್ನು ಇವರು ಹೆದರಬೇಕಾದ್ದೇನಿದೆ, ಓಡಿಸುತ್ತಿದ್ದವನು ನಾನೇ, ಲೈಟು ತಾನಾಗಿ ಆರಿತು ಎಂದು ಎದೆ ತಟ್ಟಿ ಹೇಳಬಹುದು. ಸಂಜೆ ಮನೆಗೆ ಓಡಿಬಂದು ಹೇಳಿದೆ. ಇವರು ಟಿವಿಯ ಸದ್ದು ಕಡಿಮೆ ಮಾಡದೆ, "ಓ ಹೌದಾ, ಶನಿವಾರ ಹೋಗೋಣ ಬಿಡು" ಅಂದರು.

ಶನಿವಾರ ಮಧ್ಯಾಹ್ನ ಸರ್ವಿಸ್ ಸೆಂಟರಿಗೆ ಹೋದೆವು. ಕೌಂಟರಿನಲ್ಲಿ ನಂದಿತಾ ಎಂಬ ಹುಡುಗಿ ಗಾಡಿಯ ನಂಬರು ಒತ್ತಿ ನೋಡಿ ಅಚ್ಚುಕಟ್ಟಾಗಿ ವಿವರಿಸಿದಳು. ಲೈಟನ್ನು ನಡೆಸುವ ಪುಟ್ಟ ಪೆಟ್ಟಿಗೆಯೊಂದು ಬಿಸಿಯಾದರೆ ಎರಡೂ ದೀಪ ಆರುತ್ತವೆ, ತಣ್ಣಗಾದರೆ ತಾವೇ ಹತ್ತುತ್ತವೆ. ಅದಕ್ಕೇ ಎಷ್ಟೋ ಜನರಿಗೆ ದೋಷ ಇರುವುದೇ ತಿಳಿಯುವುದಿಲ್ಲವಂತೆ. ಆಮೇಲೆ ಅವಳು ನಗುತ್ತಲೇ, "ಕೊನೆಗೂ ಬಂದ್ರಲ್ಲ ಸಾರ್. ಶಿವರಾತ್ರಿಯಿಂದ ಮೂರ್ ಸಲ ಫೋನ್ ಮಾಡಿದೀನಿ ನಿಮಗೆ. ರಾತ್ರಿ ಹೊತ್ತು ಗಾಡಿ ತೆಗೀಬೇಡಿ ಅಂತಾನೂ ಹೇಳಿದ್ದೆ" ಅಂದಳು.

ನಾನು ಇವರ ಕಡೆ ತಿರುಗಿದೆ. ಇವರು ಗೋಡೆಯ ಮೇಲಿನ ಟೈರಿನ ಜಾಹೀರಾತು ಓದುತ್ತಿದ್ದರು.

ಶಿವರಾತ್ರಿ! ಗೃಹಪ್ರವೇಶ ನಡೆದದ್ದು ವೈಶಾಖದಲ್ಲಿ. ಲೈಟು ಆರಿದ ಕ್ಷಣದಲ್ಲೇ ಯಾಕೆ ಆರಿತೆಂದು ಇವರಿಗೆ ಗೊತ್ತಿತ್ತು. ನನ್ನ ಕೈ ಹಿಡಿದುಕೊಂಡಾಗ ಗೊತ್ತಿತ್ತು. ಲಿವರ್ ತಿರುಗಿಸಿರ್ತಾಳೆ ಎಂದು ಕಂಡಕಂಡವರಿಗೆ ಹೇಳುವಾಗಲೂ ಗೊತ್ತಿತ್ತು. ನಾನೋ, ಒಂದೆರಡು ತಿಂಗಳು ಕಳೆದ ಮೇಲೆ, ಪಕ್ಕದ ಸೀಟಿನಿಂದ ನನ್ನ ಮೊಣಕೈಯೇ ಏನಾದರೂ ತಗುಲಿತೇ ಎಂದು ಅನುಮಾನ ಪಡುವ ಮಟ್ಟಕ್ಕೆ ಬಂದಿದ್ದೆ.

ಕಾರು ರಿಪೇರಿಯಾಗುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಪುಕ್ಕಟೆ ಅಂತ ಕರೀತಾರೆ, ಹೋದ್ರೆ ಅದು ಸವೆದಿದೆ ಇದು ಹೋಗಿದೆ ಅಂತ ಬಿಲ್ ಮಾಡ್ತಾರೆ. ಎಲ್ಲಾರ್ದೂ ಅದೇ ಕಥೆ. ನಂಗೇನ್ ಗೊತ್ತು ಹಿಂಗಾಗುತ್ತೆ ಅಂತ."

"ಆದ್ಮೇಲೆ ಗೊತ್ತಾಯ್ತಲ್ಲ."

"ಆದ್ಮೇಲೆ ಹೇಳಿದ್ರೆ, ಗೊತ್ತಿದ್ದೂ ಯಾಕೆ ಗಾಡಿ ತೆಗ್ದೆ ಅಂತ ಕೇಳ್ತಿರ್ಲಿಲ್ವಾ?" ಎಂದರು. ನಂತರ ಧ್ವನಿ ಮೆತ್ತಗೆ ಮಾಡಿ, "ಆಯ್ತು ಕಣೇ, ನಾಳೆ ಗುಬ್ಬೀಲಿ ಎಲ್ಲಾರ್ ಮುಂದೇನೂ ಹೇಳ್ತೀನಿ. ಸೋಮವಾರ ಹೆಬ್ಬೂರಿಗೂ ನಾನೇ ಬಂದು ಹೇಳ್ತೀನಿ" ಅಂದರು. ನನಗೆ ನಾಚಿಕೆಯಿಲ್ಲ, ನೋಡಿ. ಮತ್ತೆ ನಂಬಿದೆ.

ಭಾನುವಾರ ಗುಬ್ಬಿಯಲ್ಲಿ ಊಟವಾದ ಮೇಲೆ ಇವರು ನಿಜವಾಗಿಯೂ ಹೇಳಿದರು. ಮಾವ ಇದ್ದರು, ಕುಣಿಗಲ್ಲಿನಿಂದ ನಾದಿನಿಯೂ ಅವಳ ಗಂಡನೂ ಬಂದಿದ್ದರು. "ಅವತ್ತು ಓಡಿಸ್ತಿದ್ದೋನು ನಾನೇ ಕಣಪ್ಪಾಜಿ" ಎಂದು ಶುರುಮಾಡಿದರು. ನನಗೆ ಮೈ ಜುಮ್ಮೆಂದಿತು. ಕಂಪನಿಯ ದೋಷವೆಂದರು, ರೀಕಾಲ್ ಎಂದರು. ಆಮೇಲೆ ಕಥೆ ಬೆಳೆಯಿತು. ಗವ್ವೆನ್ನುವ ಕತ್ತಲೆಯಂತೆ, ಒಂದು ಕೈಯಲ್ಲಿ ಹ್ಯಾಂಡ್‌ಬ್ರೇಕು, ಒಂದು ಕೈಯಲ್ಲಿ ಸ್ಟೀರಿಂಗಂತೆ, ಬಲಕ್ಕೆ ಎಳೆದಿದ್ದರಿಂದಲೇ ಕಾಳಯ್ಯ ಕಾಲು ಮುರಿದಷ್ಟರಲ್ಲೇ ಬದುಕಿದನಂತೆ. ಜನ ಹೊಡೆಯಲು ಬಂದಾಗ ಹೆಂಡತಿಯ ಹೆಸರು ಹೇಳಿ ಪಾರಾದದ್ದನ್ನೂ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಥ ತಲೆ ಓಡಿಸಿದ್ದೀರಿ ಭಾವ ಎಂದು ನಾದಿನಿಯ ಗಂಡ ಬೆನ್ನು ತಟ್ಟಿದರು. ಶಿವರಾತ್ರಿಯಿಂದ ಬಂದ ಫೋನುಗಳ ಮಾತು ಕಥೆಯಲ್ಲಿ ಎಲ್ಲೂ ಬರಲಿಲ್ಲ.

"ಅವರಿಗೆ ಮೊದಲೇ ಗೊತ್ತಿತ್ತು ಮಾವ" ಎಂದೆ. "ಸರ್ವಿಸ್ಸಿನೋರು ಮೂರು ಸಲ ಫೋನ್ ಮಾಡಿದ್ರು."

ಮಾವ ಎಲೆಅಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. "ಆಗೋದ್ ಆಯ್ತು. ಅವನ ಕೈಲಿ ಇದ್ದಿದ್ದಕ್ಕೆ ಆ ಯಪ್ಪನ ಜೀವ ಉಳೀತು. ನಿನ್ ಕೈಲಿದ್ದಿದ್ರೆ ಇನ್ನೇನಾಗ್ತಿತ್ತೋ. ಮನೆ ಮಾತು ಮನೇಲಿರ್ಲಿ ಉಮಾ" ಅಂದರು.

ನೋಡಿದಿರಾ? ತಪ್ಪು ಎಂದಿದ್ದಾಗ ಕಾರು ಓಡಿಸುತ್ತಿದ್ದವಳು ನಾನು. ತಪ್ಪು ಯಾರದೂ ಅಲ್ಲ ಎಂದಾದ ದಿನ ಓಡಿಸುತ್ತಿದ್ದವರು ಇವರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮನುಷ್ಯ ಇಷ್ಟು ಸಲೀಸಾಗಿ ಹೀಗೆ ಮಾಡಬಹುದೆಂದು ನನಗೆ ಯಾರಾದರೂ ಹೇಳಿದ್ದರೆ ಅವರ ಮೇಲೆಯೇ ಜಗಳಕ್ಕೆ ಹೋಗುತ್ತಿದ್ದೆ.

ವಾಪಸ್ ಬರುವಾಗ ಹೆಬ್ಬೂರಿನ ಮಾತೆತ್ತಿದೆ. "ಅಲ್ಲಿ ಬೇಡ" ಅಂದರು. "ಅವರು ಲಾಯರ್ ಗೀಯರ್ ಹಿಡಿದ್ರೆ? ನೀನಾದ್ರೆ ಟೀಚರು ಅಂತ ಸುಮ್ನಿದಾರೆ."

"ಹಂಗಾದ್ರೆ ನಾಳೆ ನಾನೇ ಹೇಳ್ತೀನಿ."

"ನಿನ್ನಿಷ್ಟ" ಎಂದರು, ಅಷ್ಟು ಸುಲಭವಾಗಿ. ಮನೆಯ ಹತ್ತಿರ ನನ್ನನ್ನು ಇಳಿಸಿ, ಅಂಗಡಿಗೆ ಹೋಗಿ ಬರ್ತೀನಿ ಎಂದು ಹೊರಟರು.

ಸೋಮವಾರ ಇವರು ಸ್ನಾನಕ್ಕೆ ಹೋದಾಗ ಕೀಲಿ ತೆಗೆದುಕೊಂಡೆ. ಯಾರನ್ನೂ ಕೇಳಲಿಲ್ಲ. ನೇರವಾಗಿ ಕಾಳಯ್ಯನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕೆಳಗೆ ಕೂತು ಎಲ್ಲ ಹೇಳಿದೆ. ಅವತ್ತು ಓಡಿಸುತ್ತಿದ್ದದ್ದು ನಾನಲ್ಲ, ನಮ್ಮನೆಯವರು. ಕಾರಿನಲ್ಲೇ ದೋಷವಿತ್ತು, ಅದು ಅವರಿಗೆ ಮೊದಲೇ ಗೊತ್ತಿತ್ತು. ಹೊಡೆತಕ್ಕೆ ಹೆದರಿ ನನ್ನ ಹೆಸರು ಹೇಳಿಸಿದರು. ಹೇಳಿ ಮುಗಿಸುವಾಗ ಉಸಿರು ಹಗುರಾಗಿತ್ತು.

ಕಾಳಯ್ಯ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಕೋಮಲಾ ಬಾಗಿಲಲ್ಲಿ ನಿಂತು ಮೊದಲ ಬಾರಿಗೆ ನನ್ನ ಮುಖ ನೋಡಿದಳು.

"ನಿಮ್ ಯಜಮಾನ್ರು ನೆನ್ನೆ ಸಂಜೆ ಬಂದಿದ್ರು ಕಣವ್ವಾ" ಎಂದರು ಕಾಳಯ್ಯ. "ಪಾಪ, ಕಣ್ಣಲ್ಲಿ ನೀರಾಕ್ಕೊಂಡ್ರು. ಅವತ್ತಿಂದ ನಿಮಗೆ ಮನಸ್ಗೆ ಅಚ್ಕೊಂಡ್‌ಬುಟ್ಟದಂತೆ, ರಾತ್ರಿ ನಿದ್ದೆ ಇಲ್ವಂತೆ. ನೀವು ಬಂದು, ನಾನ್ ಓಡುಸ್ಲಿಲ್ಲ, ಯಜಮಾನ್ರೇ ಓಡ್ಸಿದ್ದು ಅಂತೀರಂತೆ, ಹೂಂ ಅಂದ್ಬುಡಿ, ಎದುರು ಮಾತಾಡ್ಬೇಡಿ ಅಂದ್ರು. ಡಾಕ್ಟ್ರಿಗೆ ತೋರುಸ್ತಾವ್ರಂತಲ್ಲ?"

ಇನ್ನು ನಾನು ಏನು ಹೇಳಿದರೂ ಅದು ಅವರು ಹೇಳಿಹೋದ ರೋಗದ ಲೆಕ್ಕಕ್ಕೇ ಸೇರುತ್ತಿತ್ತು. ಕೂಗಿದರೆ ಇನ್ನೂ ಗಟ್ಟಿಯಾಗುತ್ತಿತ್ತು.

"ನಾನ್ ಯಾವತ್ತೋ ಕ್ಷಮಿಸ್ಬುಟ್ಟೆ ಕಣ್ ತಾಯಿ, ನೀವ್ ಕೊರಗ್‌ಬೇಡಿ" ಎಂದು ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಕೋಮಲಾ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ಎದ್ದು ಹೋಗಿ ಕಾರಿನಲ್ಲಿ ಕೂತೆ.

ಕಾರು ಸ್ಟಾರ್ಟ್ ಮಾಡುವಾಗ ಕಾಳಯ್ಯ ಜಗಲಿಯಿಂದ ತಗ್ಗಿದ ದನಿಯಲ್ಲಿ, ನನಗೆ ಕೇಳಬಾರದೆಂಬ ಮರ್ಯಾದೆಯಿಂದ, ಸೊಸೆಗೆ ಹೇಳಿದ್ದು ಕೇಳಿಸಿತು. "ಕೋಮಲಾ, ಮೇಡಮ್ಮೋರು ಕಾರು ತಿರುಗುಸ್ತಾವ್ರೆ. ಬೀದೀಲಿರೋ ಮಕ್ಕಳ್ನೆಲ್ಲ ಒಳಿಕ್ ಕರ್ಕೊ."