ಅಕ್ಕ ಅಳುವ ತನಕ

ಸುಭದ್ರಾ ಟೇಪ್‌ರೆಕಾರ್ಡರಿನ ವೈರನ್ನು ಗೋಡೆಯಿಂದ ಕಿತ್ತಳು. ತಿರುಗಲು ಶುರುವಾಗಿದ್ದ ಕ್ಯಾಸೆಟ್ಟು ನಿಂತಿತು. ಅದರೊಳಗಿನ ಚಪ್ಪಾಳೆ ಅರ್ಧಕ್ಕೇ ತುಂಡಾಯಿತು.

"ಏನ್ರಿ ವೈನಿ," ಎಂದರು ಮಲ್ಲಿಕಾರ್ಜುನ. ಅವರು ಕನ್ನಡ ಸಂಘದ ಕಾರ್ಯದರ್ಶಿ, ತೀರಿಕೊಂಡ ಅವಳ ಗಂಡನ ಹಳೆಯ ಗೆಳೆಯ. "ಅವನ ದನಿ ಒಮ್ಮೆ ಎಲ್ಲಾರೂ ಕೇಳ್ಲಿ ಅಂತ ತಂದಿದ್ದೆ. ಮೂವತ್ತು ವರ್ಷ ಮಂದಿನ್ನ ನಗಿಸಿದಾಂವ. ಹಿಂಗ ಸುಮ್ಮ ಕಳಿಸೂದಾ?"

"ಬ್ಯಾರೆ ಏನಾರ ಹಚ್ರಿ, ಇದು ಬ್ಯಾಡ. ಅಕ್ಕಾರು ಸೇಡಂದಿಂದ ಗಾಡಿ ಹತ್ಯಾರಂತ. ಅವರು ಬಾಗಲದಾಗ ಕಾಲಿಡೂ ಹೊತ್ನ್ಯಾಗ ಇದು ಕೇಳಿಸಬಾರದು."

ಗೆಳೆಯ ನಕಲು ಮಾಡುತ್ತಿದ್ದದ್ದು ತನ್ನ ಅಕ್ಕನ ಅಳುವನ್ನೇ ಎಂದು ಮಲ್ಲಿಕಾರ್ಜುನರಿಗೆ ಆಗ ನೆನಪಾಯಿತು. ಕ್ಯಾಸೆಟ್ಟನ್ನು ತೆಗೆದು ಜುಬ್ಬದ ಕಿಸೆಗೆ ಹಾಕಿಕೊಂಡರು. ಅದರ ಹೊದಿಕೆಯ ಮೇಲೆ ನಲವತ್ತರ ಹರೆಯದ ಸಿದ್ದರಾಮಪ್ಪ ತಲೆಯ ಮೇಲೆ ಸೆರಗು ಹೊದ್ದು ಅಳುತ್ತಿದ್ದ. ಕೆಳಗೆ ಕೆಂಪು ಅಕ್ಷರದಲ್ಲಿ 'ನಗಿ ಸಿದ್ದಣ್ಣನ ಅಳೂ ಮನಿ' ಎಂದಿತ್ತು.

ಅರವತ್ನಾಲ್ಕರ ಸಿದ್ದರಾಮಪ್ಪನನ್ನು ಈಗ ಹೈದರಾಬಾದಿನ ಕಾಚಿಗುಡದ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈ ತೊಳೆದು, ವಿಭೂತಿ ಬಳಿದು, ಕೊರಳಿಗೆ ರುದ್ರಾಕ್ಷಿ ಹಾಕಿದ್ದರು. ಒಂದು ಕಡೆಗೆ ವಾಲದಂತೆ ಎದೆಗೆ ಬಿಳಿ ಬಟ್ಟೆ ಸುತ್ತಿ, ಎರಡು ಮೊಳೆಗೆ ಬಿಗಿದಿದ್ದರು. ಹೊರಗೆ ಗಲ್ಲಿಯಲ್ಲಿ ಬಿದಿರು ಸೀಳುವ ಸದ್ದು, ಹೆಣವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಒಳಗೆ ಇಪ್ಪತ್ತೈದು ಮಂದಿ ಕೂತಿದ್ದರೂ ಫ್ಯಾನಿನ ಕಿರುಗುಟ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

ಯಾರೂ ಅಳುತ್ತಿರಲಿಲ್ಲ.

ದುಃಖ ಇರಲಿಲ್ಲವೆಂದಲ್ಲ. ಆದರೆ ಸಾವಿನ ಮನೆಯಲ್ಲಿ ಯಾರು ಹೇಗೆ ಅಳುತ್ತಾರೆ ಎಂಬುದನ್ನು ಸಿದ್ದರಾಮಪ್ಪ ಮೂವತ್ತು ವರ್ಷ ಇವರಿಗೆಲ್ಲ ಮಾಡಿ ತೋರಿಸಿದ್ದ. ಸಂಘದ ವೇದಿಕೆಯಲ್ಲಿ, ಮದುವೆಗಳಲ್ಲಿ, ಫ್ಯಾಕ್ಟರಿಗಳ ರಾಜ್ಯೋತ್ಸವದಲ್ಲಿ. ಗಡಿಯಾರ ನೋಡುತ್ತ ಅಳುವ ಸಾಹೇಬ, ಬಾಗಿಲಲ್ಲಿ ಚಪ್ಪಲಿ ಕಾಯುತ್ತ ಅಳುವ ಬೀಗ, ಅಳುತ್ತಲೇ ಚಿನ್ನದ ರೇಟು ಕೇಳುವ ಪಕ್ಕದ ಮನೆಯಾಕೆ. ಈಗ ಯಾರ ಗಂಟಲಿಗೆ ಏನು ಬಂದರೂ ಅದು ಆ ಪಟ್ಟಿಯಲ್ಲಿ ಇದ್ದದ್ದೇ. ಪಕ್ಕದ ಮನೆಯ ತೆಲುಗಿನ ಆಂಡಾಳಮ್ಮ ಬಂದವಳೇ "ಅಯ್ಯೋ ಅನ್ನಾ..." ಎಂದು ಎತ್ತಿದ್ದಳು. ಎತ್ತಿದವಳು ಸುತ್ತ ನೋಡಿ, ಮೂಗು ಒರೆಸಿಕೊಂಡು, ಗೋಡೆಯ ಬದಿಗೆ ಹೋಗಿ ಕೂತಿದ್ದಳು.

"ಏಡು ವದಿನಾ," ಎಂದಳು ಈಗ ಸುಭದ್ರಾಳ ಮೊಣಕೈ ಹಿಡಿದು, ಮೆಲ್ಲಗೆ. "ನೀನಾದ್ರೂ ಅತ್ತುಬಿಡು. ಒಳಗ ಇಟ್ಕೊಂಡ್ರ ರೋಗ."

"ನಾ ಆಮ್ಯಾಲೆ ಅಳತೀನಿ. ಮೊದಲ ಅಕ್ಕಾರು ಅಳಬೇಕು."

ಮೂರು ದಿನದ ಹಿಂದೆ ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಅಷ್ಟೇ. ಮೂಗಿನ ನಳಿಗೆಯನ್ನು ಒಂದು ಬದಿಗೆ ಸರಿಸಿ, "ಅಕ್ಕ ಬರ್ತಾಳ. ಅಕಿ ಹಾಡ್ಯಾಡಿ ಅಳ್ಳಿ, ಸುಭದ್ರಾ. ಯಾರೂ ನಗದಂಗ ನೋಡ್ಕೊ. ಅಕಿ ಅತ್ತರ ನಾ ಹೋಗತೀನಿ, ಇಲ್ಲಂದ್ರ ಇಲ್ಲೇ ಕುಂದ್ರಾಂವ," ಎಂದಿದ್ದ. ಕಡೆಯ ಮಾತನ್ನು ನಗಿಸಲೆಂದೇ ಹೇಳಿದ್ದ. ಅವಳು ನಕ್ಕಿರಲಿಲ್ಲ.

ಸುಭದ್ರಾ ಎದ್ದು ಒಬ್ಬೊಬ್ಬರ ಹತ್ತಿರ ಹೋಗಿ ಬಗ್ಗಿ ಹೇಳಿದಳು. ಅಕ್ಕಾರು ಅಳೂವಾಗ ಯಾರೂ ನಗಬ್ಯಾಡ್ರಿ. ಮುಖ ಮುಖ ನೋಡ್ಕೋಬ್ಯಾಡ್ರಿ. ನಗಿ ಬಂದ್ರ ಎದ್ದು ಹೊರಗ ಹೋಗ್ರಿ, ಕೈ ಮುಗೀತೀನಿ. ಬಂದವರೆಲ್ಲ "ಛೇ ಛೇ, ಏನ್ ಮಾತ್ರಿ ಇದು," ಎಂದರು.

ಕಿಟಕಿಯ ಬಳಿ ವನಜಾ ನಿಂತಿದ್ದಳು. ಎಂಟು ತಿಂಗಳಿಂದ ಸಿದ್ದರಾಮಪ್ಪನ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದವಳು. ತಂದೆ ರಕ್ಷಣಾ ಕಾರ್ಖಾನೆಯ ನೌಕರಿಗೆ ಮೈಸೂರು ಕಡೆಯಿಂದ ಬಂದವರು. ಅವಳ ಹೆಗಲ ಮೇಲೆ ಕ್ಯಾಮೆರಾ ಇತ್ತು.

"ಅಮ್ಮಾ, ನಿಮಗೆ ಬೇಡ ಅನ್ಸಿದ್ರೆ ನಾನು ಹೊರಟುಹೋಗ್ತೀನಿ."

"ಇರು. ಅವರಿಗೆ ನೀ ಬಂದ್ರ ಭಾಳ ಖುಷಿ ಆಗತಿತ್ತು. ಏನ್ ಬೇಕಾದ್ರೂ ತಗೊ. ಅಕ್ಕಾರು ಅಳೂದು ಮಾತ್ರ ತೆಗೀಬ್ಯಾಡವಾ."

ವನಜಾ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದಳು.

*

ಸಿದ್ದರಾಮಪ್ಪನ ತಾಯಿ ಸೇಡಂನಲ್ಲಿ ತೀರಿಕೊಂಡಾಗ ಸುಭದ್ರಾ ಆ ಮನೆಗೆ ಬಂದು ನಾಲ್ಕು ತಿಂಗಳು. ಅವನ ಅಕ್ಕ ಗಂಗೂಬಾಯಿ ತಾಯಿಯ ಮುಂದೆ ಕೂತು ಹಾಡಿಕೊಂಡು ಅತ್ತಿದ್ದಳು. ಆ ಸೀಮೆಯ ಹೆಂಗಸರು ಅಳುವುದೇ ಹಾಗೆ. ಸತ್ತವರು ಉಂಡದ್ದು, ಉಟ್ಟದ್ದು, ಮಾಡಿದ್ದು, ಮಾಡದೇ ಉಳಿದದ್ದು ಎಲ್ಲವನ್ನೂ ಎಳೆ ಎಳೆಯಾಗಿ ರಾಗ ಹಿಡಿದು ಹೇಳುತ್ತ, ಅಂಗೈಯಿಂದ ನೆಲ ಬಡಿಯುತ್ತ. ಗಂಗೂಬಾಯಿಯಂತೆ ಅಳುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಬೇರೆಯವರ ಮನೆಯ ಸಾವಿಗೂ ಅವಳನ್ನು ಕರೆದೊಯ್ಯುತ್ತಿದ್ದರು. ಅವಳು ಬಂದು ಬಾಯಿ ತೆರೆದರೆ ಕಲ್ಲಿನಂತೆ ಕೂತವರೂ ಕರಗುತ್ತಿದ್ದರು.

ದಿನಕರ್ಮ ಮುಗಿಸಿ ಹೈದರಾಬಾದಿಗೆ ಮರಳಿದ ಮೇಲೆ ಸುಭದ್ರಾ ಸರಿಯಾಗಿ ಉಣ್ಣುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಅವನು ಟವೆಲನ್ನು ತಲೆಯ ಮೇಲೆ ಹೊದ್ದು ಕೂತ. ನೆಲ ಬಡಿದ. "ಏಳ ನನ್ನವ್ವಾ..." ಎಂದು ಎಳೆದ. ದನಿ ಎಷ್ಟು ಅಕ್ಕನದೇ ಎಂದರೆ ಸುಭದ್ರಾಳ ಮೈ ಝುಂ ಎಂದಿತು. ಆಮೇಲೆ ನಟ್ಟನಡುವೆ ನಿಲ್ಲಿಸಿ, ಮೂಗು ಒರೆಸಿಕೊಂಡು, ದಿನನಿತ್ಯದ ದನಿಯಲ್ಲಿ, "ಏ, ಹಿಟ್ಟಿನ ಡಬ್ಬಿ ಮುಚ್ರೇ, ಬೆಕ್ಕು ಬಂತು," ಎಂದು ಹೇಳಿ, ಬಿಟ್ಟ ರಾಗವನ್ನು ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಂಡ. ಅಕ್ಕ ಮಾಡಿದ್ದೂ ಹಾಗೆಯೇ. ತಾಯಿಯ ಶವದ ಮುಂದೆ ಕೂತೇ ಅವಳು ಮನೆಯ ಡಬ್ಬಿ, ಹಾಲು, ಕರು ಎಲ್ಲವನ್ನೂ ನೋಡಿಕೊಂಡಿದ್ದಳು.

ಸುಭದ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣು ಒರೆಸಿಕೊಳ್ಳುತ್ತ, "ಇದನ್ನ ಸ್ಟೇಜ್ ಮ್ಯಾಲೆ ಮಾಡ್ರಿ," ಎಂದಳು.

ಹಾಗೆ ಹೇಳಿದವಳು ತಾನೇ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

*

"ಹೋದ ವರ್ಷದಿಂದ ಯಾಕ ಆ ಅಳೂ ಆಟಾನ ಬಿಟ್ಟ ಅಂತೀನಿ," ಎಂದರು ಮಲ್ಲಿಕಾರ್ಜುನ, ಪಕ್ಕದವರಿಗೆ. "ವಾರ್ಷಿಕೋತ್ಸವಕ್ಕ ಹತ್ತು ಮಿನಿಟು ಕೊಟ್ಟಿದ್ದೆ. ಮಂದಿ ಎಲ್ಲಾ 'ಅಳೂದು! ಅಳೂದು!' ಅಂತ ಒದರಾಕತ್ರು. ಇವ ಮೈಕ್ ಹಿಡ್ಕೊಂಡು ಬಸ್ ಕಂಡಕ್ಟರಂದು ಏನೋ ಹೇಳಾಕತ್ತ. ಯಾರ್ ಕೇಳ್ತಾರ? ಎದ್ದು ಊಟಕ್ಕ ಹೋದ್ರು."

"ನಾನು ಅದನ್ನ ಶೂಟ್ ಮಾಡಿದೀನಿ," ಎಂದಳು ವನಜಾ. "ಕೊನೆಗೆ ಖಾಲಿ ಕುರ್ಚಿಗಳಿಗೆ ನಮಸ್ಕಾರ ಮಾಡಿ ಇಳಿದ್ರು. ಯಾಕೆ ಮಾಡಲ್ಲ ಸರ್ ಅಂತ ಎಷ್ಟು ಸಲ ಕೇಳಿದೆ. ಅದು ನಂದಲ್ಲಮ್ಮ ಅಂದ್ರು, ಅಷ್ಟೇ."

ಸುಭದ್ರಾ ದೀಪಕ್ಕೆ ಎಣ್ಣೆ ಹಾಕಿದಳು.

ಹೋದ ವರ್ಷ ಗಂಗೂಬಾಯಿಯ ಗಂಡ ತೀರಿಕೊಂಡಿದ್ದ. ಸುಭದ್ರಾ, ಸಿದ್ದರಾಮಪ್ಪ ಇಬ್ಬರೂ ಹೋಗಿದ್ದರು. ಗಂಗೂಬಾಯಿ ಗಂಡನ ಮುಂದೆ ತುಟಿ ಹೊಲಿದವಳಂತೆ ಕೂತಿದ್ದಳು. ಹೆಂಗಸರು "ಎಂಥಾ ಕಲ್ಲು," ಎಂದು ಮಾತಾಡಿಕೊಂಡರು. ಎಲ್ಲ ಮುಗಿದ ಮೇಲೆ ಹಿತ್ತಿಲಲ್ಲಿ ತಮ್ಮ ಕೇಳಿದ, "ಯಾಕಕ್ಕ, ಅಳಲಿಲ್ಲ?"

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಬಾಯಿ ತೆಗದೆ ಸಿದ್ಯಾ. ಬಾಗಲದಾಗ ಇಬ್ಬರು ಹೆಣ್ಮಕ್ಳು ಬಾಯಿಗೆ ಸೆರಗು ಹಿಡದ್ರು. ನಿನ್ನ ಕ್ಯಾಸೆಟ್ ನಮ್ಮೂರಿಗೂ ಬಂದೈತಿ. ಚಾದ ಅಂಗಡ್ಯಾಗ ಹಚ್ಚತಾರ. ನಾ ಅತ್ತರ ನಾ ನಿನ್ನ ನಕಲ್ ಮಾಡಿದಂಗ ಆಗತೈತಿ." ಒಂದು ಚರಿಗೆಯನ್ನು ತೊಳೆದು ಬೋರಲು ಹಾಕಿದಳು. "ನನ್ನ ಗಂಡಗ ನಾ ಅಳಲಿಲ್ಲೋ."

ಹಿಂತಿರುಗುವ ಗಾಡಿಯಲ್ಲಿ ಸಿದ್ದರಾಮಪ್ಪ ತಾಂಡೂರು ದಾಟುವ ತನಕ ಟಿಕೇಟನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದ. ಸುಭದ್ರಾಳಿಗೆ ನಾಲಿಗೆಯ ತುದಿಯ ತನಕ ಬಂದಿತ್ತು: ಮೊದಲು ನಕ್ಕವಳು ನಾನು, ಮಾಡಿರಿ ಅಂದವಳೂ ನಾನು. ಅವಳು ಬುತ್ತಿ ಬಿಚ್ಚಿ ಅವನ ಕೈಗೆ ರೊಟ್ಟಿ ಕೊಟ್ಟಳು.

*

ಆಟೋ ಗಲ್ಲಿಯ ಬಾಯಲ್ಲಿ ನಿಂತಾಗ ಹನ್ನೆರಡು ದಾಟಿತ್ತು. ಗಂಗೂಬಾಯಿಯ ಮಗ ಮಲ್ಲಣ್ಣ ಎರಡೂ ಕೈಯಲ್ಲಿ ಗಂಟು ಹಿಡಿದು ಮುಂದೆ ಬಂದ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಅವರು ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಬಂದಿದ್ದರು. ಹಿಂದೆ ಗಂಗೂಬಾಯಿ. ಎಪ್ಪತ್ತು ದಾಟಿದ ತೆಳ್ಳನೆಯ ಹೆಂಗಸು. ಈ ಮನೆಯ ಹೊಸ್ತಿಲು ತುಳಿಯದೆ ಇಪ್ಪತ್ತೇಳು ವರ್ಷವಾಗಿತ್ತು. ತಮ್ಮ ಅವಳನ್ನು ಹೆಮ್ಮೆಯಿಂದ ಕರೆತಂದು ಸಭೆಯ ಮೊದಲ ಸಾಲಿನಲ್ಲಿ ಕೂರಿಸಿ ಆ ಆಟ ತೋರಿಸಿದ ಮರುದಿನ ಹೋದವಳು, ಆಮೇಲೆ ಬಂದಿರಲಿಲ್ಲ.

ಜನ ದಾರಿ ಬಿಟ್ಟರು. ಅವಳು ತಮ್ಮನ ಎದುರು ಮೊಣಕಾಲೂರಿ ಕೂತಳು. ಎದೆಗೆ ಬಿಗಿದ ಬಟ್ಟೆಯನ್ನು ನೋಡಿದಳು. ಮೊಳೆ ನೋಡಿದಳು. ಅವನ ಗಲ್ಲದ ಮೇಲೆ ಸೋರಿದ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

ಇಪ್ಪತ್ತೈದು ತಲೆಗಳು ಕೆಳಗೆ ಬಾಗಿದವು.

ಗಂಗೂಬಾಯಿಯ ಅಂಗೈ ನೆಲಕ್ಕೆ ಬಿತ್ತು.

"ಏಳೋ ನನ್ನಪ್ಪಾ... ನಿನ್ನ ಸೊಂಟದ ಮ್ಯಾಲೆ ಹೊತ್ತಾಕಿ ಬಂದೀನಿ ಏಳೋ... ಕೆಸರಾಗ ನಿನ್ನ ಕಾಲು ಹೊಲಸಾಗ್ತಾವಂತ ಹೆಗಲಿಗೆ ಏರಿಸಿ ಸಾಲಿಗೆ ಬಿಟ್ಟಿದ್ನಲ್ಲೋ... ಪಾಟಿ ಒಡದು ಬಂದು ಅವ್ವನ ಮುಂದ ನನ್ನ ಹೆಸರು ಹೇಳ್ತಿದ್ದೆಲ್ಲೋ... ನಾ ಬಡಸ್ಕೊಂಡ್ರ ನೀ ನಗತಿದ್ದೆಲ್ಲೋ..."

ದನಿ ಹಳತಾಗಿತ್ತು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಆದರೂ ಅದು ಎದ್ದು ನಿಂತಿತು. ಆಂಡಾಳಮ್ಮ ಬಿಕ್ಕಿದಳು. ಮಲ್ಲಿಕಾರ್ಜುನ ಕನ್ನಡಕ ತೆಗೆದರು. ಬೆಳಗಿನಿಂದ ಒಣಗಿದ್ದ ಪಡಸಾಲೆಯಲ್ಲಿ ಒಬ್ಬೊಬ್ಬರಾಗಿ ಅಳತೊಡಗಿದರು, ಯಾವ ನಾಚಿಕೆಯೂ ಇಲ್ಲದೆ. ಒಬ್ಬರೂ ನಗಲಿಲ್ಲ. ಆಯ್ತು, ಎಂದುಕೊಂಡಳು ಸುಭದ್ರಾ. ಇನ್ನ ಹೋಗ್ರಿ ನೀವು.

"...ಕಡೀಕ ಬಂದಾಗ ನಿನಗೊಂದು ತುತ್ತು ಛಂದಂಗ ಉಣ್ಣಾಕ ಹಾಕಲಿಲ್ಲಲ್ಲೋ, ಮಾರಿ ತಿರುವಿ ಕುಂತಿದ್ನಲ್ಲೋ ನನ್ನಪ್ಪಾ..." ಗಂಗೂಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಕತ್ತು ತಿರುಗಿಸಿ, ದಿನನಿತ್ಯದ ದನಿಯಲ್ಲಿ, "ಮಲ್ಲಣ್ಣಾ, ರೊಟ್ಟಿ ಗಂಟು ನೆಲದ ಮ್ಯಾಲೆ ಇಡಬ್ಯಾಡೋ, ಇರಬಿ ಹತ್ತತಾವ," ಎಂದಳು. ಬಿಟ್ಟಲ್ಲಿಂದಲೇ, "ಏಳೋ ನನ್ನಪ್ಪಾ..." ಎಂದು ಮತ್ತೆ ಎತ್ತಿದಳು.

ಸುಭದ್ರಾ ನಕ್ಕಳು.

ತಾನು ನಗುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಆಮೇಲೆ. ಮೂವತ್ತು ವರ್ಷ ಪರದೆಯ ಮಗ್ಗುಲಿಗೆ ನಿಂತು ಅದೇ ಜಾಗದಲ್ಲಿ, ಅದೇ ಉಸಿರಿನಲ್ಲಿ ಅವಳು ನಕ್ಕಿದ್ದಳು. ಅವಳು ಮೊದಲು ನಕ್ಕರೆ ಸಭೆ ನಗುತ್ತದೆ ಎಂದು ಅವನೇ ಅಲ್ಲಿ ನಿಲ್ಲಿಸುತ್ತಿದ್ದ. ಅದು ಗಂಟಲಿನಿಂದಲ್ಲ, ಹೊಟ್ಟೆಯಿಂದ ಬಂತು, ವಾಂತಿಯಂತೆ. ಕೈ ಬಾಯಿಗೆ ಹೋಗುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಅಳುತ್ತಿದ್ದ ಹೆಗಲುಗಳು ಈಗ ಯಾವುದಕ್ಕೆ ಅಲುಗುತ್ತಿವೆ ಎಂದು ಹೇಳುವಂತಿರಲಿಲ್ಲ.

ರಾಗ ನಿಂತಿತು.

ಗಂಗೂಬಾಯಿ ತಿರುಗಿ ನೋಡಿದಳು. ಹಿಂದಿನ ಸಾಲನ್ನಲ್ಲ, ಸುಭದ್ರಾಳನ್ನು. ಬಹಳ ಹೊತ್ತು ನೋಡಿದಳು. ಸಿಟ್ಟು ಇರಲಿಲ್ಲ ಆ ಕಣ್ಣಲ್ಲಿ. ಎಷ್ಟೋ ವರ್ಷದಿಂದ ಗೊತ್ತಿಲ್ಲದೆ ಉಳಿದದ್ದೊಂದು ಈಗ ಗೊತ್ತಾದಂತೆ ಇತ್ತು.

"ಅಕ್ಕಾರ... ನಾ..."

ಗಂಗೂಬಾಯಿ ಮೊಣಕಾಲಿಗೆ ಕೈ ಊರಿ ಎದ್ದಳು. "ಅಯ್ಯನೋರನ್ನ ಕರೀರಿ," ಎಂದಳು. "ಎತ್ರಿ. ಹೊತ್ತಾಗತೈತಿ."

ಜಂಗಮ ಅಯ್ಯನವರು ಬಂದರು. ಮೊಳೆಯಿಂದ ಬಟ್ಟೆ ಬಿಚ್ಚಿದರು. ಕೂತವನನ್ನು ಕೂತಂತೆಯೇ ವಿಮಾನಕ್ಕೇರಿಸಿದರು. ಹಲಗೆ ಬಡಿತದ ಸದ್ದು ಗಲ್ಲಿ ದಾಟಿ, ಬಸ್ಸುಗಳ ಸದ್ದಿನಲ್ಲಿ ಕಲೆತು ಹೋಯಿತು. ಗಂಡಸರೆಲ್ಲ ಹೋದರು. ವನಜಾ ಕ್ಯಾಮೆರಾ ಹೊತ್ತು ಅವರ ಹಿಂದೆ ಹೋದಳು.

ಮನೆ ತೊಳೆಯುವುದಿತ್ತು. ಸುಭದ್ರಾ ಬಕೆಟ್ ತರುವ ಮೊದಲೇ ಗಂಗೂಬಾಯಿ ಕಚ್ಚೆ ಬಿಗಿದು ಕಸಬರಿಗೆ ಹಿಡಿದಿದ್ದಳು. ಅವನು ಒರಗಿದ್ದ ಗೋಡೆ, ಕೂತಿದ್ದ ಜಾಗ, ಹೊಸ್ತಿಲು, ಎಲ್ಲಕ್ಕೂ ನೀರು ಸುರಿದು ತಿಕ್ಕಿದಳು. ಸುಭದ್ರಾಳಿಗೆ "ಕಾಲು ತಗೀ," ಎಂದಳು ಒಮ್ಮೆ. ಆಮೇಲೆ ಸ್ನಾನಕ್ಕೆಂದು ಬಚ್ಚಲಿಗೆ ಹೋದಳು. ನಳ ಬಿಟ್ಟ ಸದ್ದು ಕೇಳಿತು.

ಬಹಳ ಹೊತ್ತಾಯಿತು. ಬಚ್ಚಲಿನ ಬಾಗಿಲ ಅಡಿಯಿಂದ ನೀರು ಹರಿದು ಅಡುಗೆಮನೆಗೆ ಬರತೊಡಗಿತು. ಸುಭದ್ರಾ ಎರಡು ಸಲ ಕರೆದಳು. ಒಳಗೆ ಅಗಳಿ ಹಾಕಿರಲಿಲ್ಲ. ದೂಡಿದಳು.

ಬಕೆಟ್ ತುಂಬಿ ಚೆಲ್ಲುತ್ತಿತ್ತು. ಗಂಗೂಬಾಯಿ ಉಟ್ಟ ಸೀರೆಯಲ್ಲೇ ಹಸಿ ನೆಲದ ಮೇಲೆ ಕೂತಿದ್ದಳು. ಬಾಯಿ ಪೂರಾ ತೆರೆದಿತ್ತು. ಕತ್ತಿನ ನರಗಳೆಲ್ಲ ಎದ್ದಿದ್ದವು. ತುಟಿ ಒಂದೊಂದೇ ಮಾತನ್ನು ಹಿಡಿದು ಎಳೆಯುತ್ತಿತ್ತು, ಅಂಗೈ ನಿಂತ ನೀರನ್ನು ಬಡಿಯುತ್ತಿತ್ತು. ದನಿ ಮಾತ್ರ ಒಂದು ಚೂರೂ ಇರಲಿಲ್ಲ.

ಸುಭದ್ರಾ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅದಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು ಕೂತಳು. ಹರಿದು ಬಂದ ನೀರಿನಲ್ಲಿ ಅವಳ ಸೀರೆ ತೋಯ್ದಿತು.

ಆಂಡಾಳಮ್ಮ ಚಾದ ಕೆಟಲ್ ಹಿಡಿದು ಹಿಂಬಾಗಿಲಿಗೆ ಬಂದು, "ಅಕ್ಕ ಏರೀ, ಎಲ್ಲಿ?" ಎಂದಳು.

"ಸ್ನಾನ ಮಾಡಾಕತ್ತಾರ," ಎಂದಳು ಸುಭದ್ರಾ. "ನಳ ಬಂದ್ ಮಾಡಬ್ಯಾಡ್ರಿ."