ಬ್ರಿಟಾಳ ಐದು ನಿಮಿಷ

ನಾರ್ಡಾಲ್ ಊರಿನ ನಿಧಿಯ ವರ್ಷದ ಊಟಕ್ಕೆ ಜನ ಬರುತ್ತಿದ್ದದ್ದು ಊಟಕ್ಕಾಗಿ, ಭಾಷಣಕ್ಕಾಗಿ ಅಲ್ಲ. ನಿಧಿಯ ಕೆಲಸವನ್ನೆಲ್ಲ ಹೆಗಲ ಮೇಲೆ ಹೊತ್ತಿದ್ದ ಮಾರ್ಲಿಸ್ ಹೋಲ್ಟ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಊರವರು ಬದುಕಿದ್ದಾಗ ಕೊಟ್ಟದ್ದು, ಸಾಯುವಾಗ ಬರೆದಿಟ್ಟದ್ದು ಎಲ್ಲ ಒಂದೆಡೆ ಸೇರಿ, ಅದರ ಬಡ್ಡಿಯಲ್ಲಿ ಹಳೆಯ ನಾಟಕಶಾಲೆಗೆ ಬಣ್ಣ, ಊರ ಬ್ಯಾಂಡಿಗೆ ವಾದ್ಯ, ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ನಡೆಯುತ್ತಿತ್ತು. ಕೊಟ್ಟವರನ್ನು ವರ್ಷಕ್ಕೊಮ್ಮೆ ಕರೆದು ಊಟ ಹಾಕುವುದು, ವಿದ್ಯಾರ್ಥಿವೇತನ ಪಡೆದವರಲ್ಲಿ ಒಬ್ಬರಿಂದ ಐದು ನಿಮಿಷ ಮಾತಾಡಿಸುವುದು ಪದ್ಧತಿ. ಮಿನೆಸೋಟಾದ ಆ ಮೂಲೆಯ ಜನ ಮಾತಿನಲ್ಲಿ ಮಹಾ ಜಿಪುಣರು. ಮಕ್ಕಳು ಎದ್ದು ಥ್ಯಾಂಕ್ಸ್ ಹೇಳಿ, ಕೆಂಪಗಾಗಿ ಕೂತುಬಿಡುತ್ತಿದ್ದವು. ದೊಡ್ಡವರು ಕುಂಬಳಕಾಯಿ ಪೈ ಮುಗಿಸಿ ಕೋಟು ಹಾಕಿಕೊಳ್ಳುತ್ತಿದ್ದರು. ಕೈ ಜೇಬಿಗೆ ಹೋದರೂ ಅದು ಕಾರಿನ ಕೀಲಿಗೆ.

ಈ ವರ್ಷ ಹಾಗಾಗಕೂಡದು ಎಂದು ಮಾರ್ಲಿಸ್ ಹಟ ಹಿಡಿದಿದ್ದಳು. ನಾಟಕಶಾಲೆಯ ಛಾವಣಿ ಸೋರುತ್ತಿತ್ತು, ವಿದ್ಯಾರ್ಥಿವೇತನದ ಗಂಟು ಕರಗುತ್ತ ಬಂದಿತ್ತು. ಭಾಷಣ ಮುಗಿದ ಕೂಡಲೇ, ಜನರ ಮನಸ್ಸು ಆರುವ ಮೊದಲೇ, ಹರಾಜಿನಲ್ಲಿ ಮಾಡುವಂತೆ ಮೇಜಿನ ಮೇಲಿಟ್ಟ ನಂಬರಿನ ಹಲಗೆ ಎತ್ತಿಸಿ, ಎತ್ತಿದವರಿಂದ ಅಲ್ಲೇ ದಾನ ಬರೆಸಿಕೊಳ್ಳುವುದೆಂದು ತೀರ್ಮಾನಿಸಿದಳು. ಅದಕ್ಕೆ ಮೊದಲು ಮನಸ್ಸನ್ನು ಕಲಕುವವರು ಬೇಕಲ್ಲ? ಅವಳ ಕಣ್ಣು ಬ್ರಿಟಾ ಸ್ಟೆನ್‌ರುಡ್ ಮೇಲೆ ಬಿತ್ತು.

ಬ್ರಿಟಾ ಊರ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದ ಹುಡುಗಿ. ಆ ಭಾರೀ ಹಿತ್ತಾಳೆ ವಾದ್ಯದ ಹಿಂದೆ ಅವಳೆಲ್ಲಿದ್ದಾಳೆಂದು ಹುಡುಕಬೇಕಿತ್ತು. ಊದಿದಳೆಂದರೆ ಮಾತ್ರ ಚರ್ಚಿನ ಕಿಟಕಿಗಳು ಅದುರುತ್ತಿದ್ದವು. ಆ ವಾದ್ಯ ನಿಧಿಯದು. ಈಗ ಪಟ್ಟಣದ ಸಂಗೀತ ಕಾಲೇಜಿನ ಖರ್ಚೂ ನಿಧಿಯದೇ. ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ತಂದೆ ಲೈಲ್ ಟರ್ಕಿ ಕೋಳಿಯ ಮಾಂಸದ ಕಾರ್ಖಾನೆಯಲ್ಲಿ ಸಂಜೆ ಪಾಳಿಯವನು. ಹಿಮ ಬಿದ್ದ ಬೆಳಿಗ್ಗೆ ತನ್ನ ಟ್ರಕ್ಕಿನ ಮುಂದೆ ಕಬ್ಬಿಣದ ಹಲಗೆ ಕಟ್ಟಿಕೊಂಡು, ಊರಿನ ಒಂಟಿ ಮುದುಕಿಯರ ಅಂಗಳದ ಹಿಮವನ್ನೆಲ್ಲ ತಳ್ಳಿಕೊಟ್ಟು ಬರುತ್ತಿದ್ದ. ದುಡ್ಡೆಷ್ಟು ಎಂದು ಕೇಳಿದರೆ "ಆಮೇಲೆ ನೋಡೋಣ ಬಿಡಿ" ಎನ್ನುತ್ತಿದ್ದ. ಆ ಆಮೇಲೆ ಎಂಬುದು ಎಂದೂ ಬಂದದ್ದಿಲ್ಲ.

ಊಟಕ್ಕೆ ಒಂದು ವಾರವಿರುವಾಗ ಮಾರ್ಲಿಸ್ ಹುಡುಗಿಯನ್ನು ನಿಧಿಯ ಕಚೇರಿಗೆ ಕರೆಸಿಕೊಂಡಳು.

"ಥ್ಯಾಂಕ್ಸ್ ಅಂತ ಎಲ್ಲ ಮಕ್ಕಳೂ ಹೇಳ್ತಾವೆ ಕಣಮ್ಮ. ಅಷ್ಟೇ ಹೇಳಿದ್ರೆ ಜನ ನಿದ್ದೆ ಹೊಡೀತಾರೆ. ಕಷ್ಟ ಅಂತ ಏನೂ ನೋಡೇ ಇಲ್ವಾ ನೀನು?"

"ನೋಡಿದೀನಿ. ಎಲ್ರೂ ನೋಡಿರ್ತಾರಲ್ವಾ, ಮಿಸೆಸ್ ಹೋಲ್ಟ್."

"ಎಲ್ಲರದ್ದು ನಂಗ್ಯಾಕೆ? ನಿಂದು ಹೇಳು."

ಬ್ರಿಟಾ ಅಂಗಿಯ ತೋಳಿನ ತುದಿ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. ಅಪ್ಪನ ಬೆನ್ನು ಉಳುಕಿ ಕೆಲಸ ತಪ್ಪಿದ ಚಳಿಗಾಲ. ಮನೆ ಬಿಸಿ ಮಾಡುವ ಗ್ಯಾಸು ಮುಗಿದಿತ್ತು. ಕರೆಂಟಿನ ಓವನ್ ಹಚ್ಚಿ, ಬಾಗಿಲು ತೆಗೆದಿಟ್ಟು, ಅದರ ಕಾವಿಗೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಮಲಗುತ್ತಿದ್ದರು. "ನಂಗೆ ಬಡಿಸಿ, ತಾನು ಫ್ರೆಂಡ್ ಮನೇಲಿ ತಿಂದು ಬಂದೆ ಅನ್ನೋನು. ಒಂದಿನ ಎದ್ದು ನೋಡ್ತೀನಿ, ನಾನು ತಟ್ಟೇಲಿ ಬಿಟ್ಟಿದ್ದ ಬ್ರೆಡ್ಡಿನ ಅಂಚನ್ನ ಸಿಂಕ್ ಹತ್ರ ನಿಂತ್ಕೊಂಡು ತಿಂತಿದಾನೆ. ನಾನು ನೋಡಿದ್ದು ಅಪ್ಪಂಗೆ ಗೊತ್ತಿಲ್ಲ."

ಮಾರ್ಲಿಸ್‌ಳ ಕಣ್ಣು ತುಂಬಿತು. ಸುಳ್ಳಲ್ಲ, ನಿಜವಾಗಿಯೇ ತುಂಬಿತು. ಆದರೆ ಕಣ್ಣೊರೆಸಿಕೊಳ್ಳುವ ಮೊದಲೇ ಅವಳಿಗೆ ಹೊಳೆದದ್ದು, ಇದಕ್ಕೆ ಜನ ಹಲಗೆ ಎತ್ತೇ ಎತ್ತುತ್ತಾರೆ ಎಂಬುದು.

"ಇದನ್ನೇ ಹೇಳು. ಒಂದಕ್ಷರ ಬದಲಾಯಿಸ್ಬೇಡ."

"ಅಪ್ಪಂಗೆ ಇಷ್ಟ ಆಗಲ್ಲ."

"ಅಪ್ಪ ಬರ್ತಾರಾ ಊಟಕ್ಕೆ?"

"ಇಲ್ಲ. ಪಾಳಿ ಇದೆ."

"ಮತ್ತಿನ್ನೇನು?" ಎಂದಳು ಮಾರ್ಲಿಸ್. ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ಆಮೇಲೆ ಎಷ್ಟೋ ಸಲ ಅವಳಿಗೆ ಅನ್ನಿಸಿದೆ.

ನಿಧಿಯ ಅಧ್ಯಕ್ಷ ರೋಲ್ಯಾಂಡ್ ಹಲ್ಲಿನ ವೈದ್ಯನಾಗಿ ನಿವೃತ್ತನಾದವನು. ಕಂಡವರಿಗೆಲ್ಲ ಒಳ್ಳೆಯದು ಮಾಡಿಬಿಡಬೇಕೆಂಬ ಚಪಲ ಅವನಿಗೆ. ಅವರಿಗೆ ಅದು ಬೇಕೋ ಬೇಡವೋ ಎಂದು ಕೇಳುವ ಅಭ್ಯಾಸವಿರಲಿಲ್ಲ. ಊಟದ ದಿನ ಅವನು ಮಾರ್ಲಿಸ್‌ಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಮುಂದಿನ ಮೇಜು ನೋಡು. ಕಾರ್ಖಾನೆ ಮ್ಯಾನೇಜರಿಗೆ ಹೇಳಿ ರಜೆ ಕೊಡಿಸ್ದೆ. ಮಗಳಿಗೆ ಹೇಳ್ಬೇಡ ಮತ್ತೆ, ಸರ್‌ಪ್ರೈಸು!"

ಲೈಲ್ ಕೂತಿದ್ದ. ಕೂದಲನ್ನು ನೀರು ಹಾಕಿ ಬಾಚಿದ್ದ. ಯಾರದೋ ಕೋಟು, ಭುಜದ ಹತ್ತಿರ ಬಿಗಿಯಾಗಿತ್ತು. ಅಕ್ಕಪಕ್ಕದವರಿಗೆಲ್ಲ ಮಗಳ ಟ್ಯೂಬಾದ ಸಂಗತಿ ಹೇಳುತ್ತ ನಗುತ್ತಿದ್ದ. ಅಷ್ಟು ಮಾತಾಡುವ ಲೈಲ್‌ನನ್ನು ಯಾರೂ ನೋಡಿರಲಿಲ್ಲ.

ಮಾರ್ಲಿಸ್ ಅವನನ್ನು ಕಂಡದ್ದೇ ತಡ, ವೇದಿಕೆಯ ಪರದೆಯ ಹಿಂದಕ್ಕೆ ಓಡಿದಳು. ಬ್ರಿಟಾ ಒಬ್ಬಳೇ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಮಿಸೆಸ್ ಹೋಲ್ಟ್, ಹೇಳೋದು ಅದೇನಾ? ಅದೇ ಹೇಳ್ಲಾ?"

ಸಮಯವಿತ್ತು. ಬೇಡ ಕಣೇ, ಬರೀ ಥ್ಯಾಂಕ್ಸ್ ಹೇಳಿ ಇಳಿದುಬಾ ಎಂದರೆ ಮುಗಿಯುತ್ತಿತ್ತು. ಆಚೆ ಮೇಜುಗಳ ಮೇಲೆ ಹಲಗೆಗಳು ಕಾಯುತ್ತಿದ್ದವು. ಮಾರ್ಲಿಸ್ ಹುಡುಗಿಯ ಕಾಲರ್ ಸರಿಮಾಡಿದಳು.

"ಅದೇ. ನಿಧಾನವಾಗಿ ಮಾತಾಡು," ಎಂದಳು.

ಬ್ರಿಟಾ ನಿಧಾನವಾಗಿಯೇ ಮಾತಾಡಿದಳು. ಬ್ರೆಡ್ಡಿನ ಅಂಚಿನ ಮಾತು ಬಂದಾಗ ಸಭೆಯಲ್ಲಿ ಫೋರ್ಕಿನ ಸದ್ದೂ ಇರಲಿಲ್ಲ. ಹೆಂಗಸರು ಕರವಸ್ತ್ರ ತೆಗೆದರು, ಗಂಡಸರು ಕೆಮ್ಮಿದರು. ಲೈಲ್ ತನ್ನ ತಟ್ಟೆಯನ್ನು ನೋಡುತ್ತಿದ್ದ. ತಟ್ಟೆ ತುಂಬ ಊಟವಿತ್ತು. ಆಮೇಲೆ ಹಲಗೆಗಳು ಮೇಲೆದ್ದವು. ಒಮ್ಮೆ ಎತ್ತಿದವರೇ ಮತ್ತೊಮ್ಮೆ ಎತ್ತಿದರು. ರೋಲ್ಯಾಂಡ್ ಮೈಕು ಕಿತ್ತುಕೊಂಡು ಕೂಗಿದ. "ಆ ಅಪ್ಪ ಇಲ್ಲೇ ಇದಾರೆ! ಏಳಪ್ಪಾ ಲೈಲ್, ಎದ್ದು ನಿಂತ್ಕೋ, ಎಲ್ರೂ ನೋಡ್ಲಿ!"

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಲೈಲ್ ಕೂಡ ಎದ್ದು ನಿಂತ. ಬೇರೇನು ಮಾಡಬೇಕೆಂದು ಅವನಿಗೆ ತೋಚಿರಲಿಕ್ಕಿಲ್ಲ. ಚಪ್ಪಾಳೆ ನಿಲ್ಲುವವರೆಗೂ ಆ ಬಿಗಿ ಕೋಟಿನಲ್ಲಿ ತಲೆ ತಗ್ಗಿಸಿಕೊಂಡು ನಿಂತೇ ಇದ್ದ.

ನಿಧಿಗೆ ಅಂಥ ರಾತ್ರಿ ಹಿಂದೆಂದೂ ಸಿಕ್ಕಿರಲಿಲ್ಲ. ಎಲ್ಲರೂ ಮಾರ್ಲಿಸ್‌ಳ ಕೈ ಕುಲುಕಿದರು. ಮನೆಗೆ ಹೋಗಿ ಅವಳು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಊರು ಕೆಟ್ಟದ್ದಲ್ಲ. ಅದೇ ಕಷ್ಟಕ್ಕೆ ಬಂದದ್ದು. ಮರುದಿನದಿಂದಲೇ ಲೈಲ್‌ನ ಮೆಟ್ಟಿಲ ಮೇಲೆ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಹಾಟ್‌ಡಿಶ್ ಪಾತ್ರೆಗಳು ಬಂದು ಕೂತವು. ಕ್ಷೌರಿಕ ದುಡ್ಡು ತೆಗೆದುಕೊಳ್ಳಲಿಲ್ಲ. ಹೋಟೆಲಿನಲ್ಲಿ ಅವನ ಕಾಫಿಗೆ ಯಾರೋ ಮೊದಲೇ ಕೊಟ್ಟಿರುತ್ತಿದ್ದರು. ಮೊದಲ ಹಿಮ ಬಿದ್ದ ಬೆಳಿಗ್ಗೆ ಅವನು ಎಂದಿನಂತೆ ಟ್ರಕ್ ತೆಗೆದುಕೊಂಡು ಹೊರಟ. ಮುದುಕಿ ಆರ್ಲೀನ್ ಚಪ್ಪಲಿಯಲ್ಲೇ ಅಂಗಳಕ್ಕಿಳಿದು ಅವನ ಕೈಗೆ ನೋಟು ತುರುಕಿದಳಂತೆ. ಆರ್ಲೀನಳೇ ಕಚೇರಿಗೆ ಬಂದು ಹೆಮ್ಮೆಯಿಂದ ಹೇಳಿಕೊಂಡಳು. "ಪಾಪ, ಬೇಡ ಬೇಡ ಅಂದ. ನಾನು ಬಿಡ್ತೀನಾ? ನಮಗೆ ಗೊತ್ತಿಲ್ವೇನಪ್ಪಾ ನಿನ್ನ ಕಷ್ಟ, ಇಟ್ಕೋ ಅಂದೆ."

ಆ ಬೆಳಿಗ್ಗೆ ಲೈಲ್ ಎರಡನೆಯ ಅಂಗಳಕ್ಕೆ ಹೋಗಲೇ ಇಲ್ಲ. ಮುಂದಿನ ಸಲ ಹಿಮ ಬಿದ್ದಾಗ ಟ್ರಕ್ ಹೊರಗೆ ತೆಗೆಯಲೂ ಇಲ್ಲ.

ಮಾರ್ಲಿಸ್‌ಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಶನಿವಾರ ಬೆಳಿಗ್ಗೆ ಅವನ ಮನೆಯ ಬಾಗಿಲು ತಟ್ಟಿದಳು. ಲೈಲ್ ಒಳಗೆ ಕರೆದು ಕಾಫಿ ಸುರಿದು ಕೊಟ್ಟ. ತೊಳೆದ ಪಾತ್ರೆಗಳು ಗೋಡೆಗೆ ಒರಗಿ ನಿಂತಿದ್ದವು, ಒಂದೊಂದರ ಬೆನ್ನಿಗೂ ಒಂದೊಂದು ಮನೆಯ ಹೆಸರು ಅಂಟಿಸಿತ್ತು. ಅವಳು ಕಾಫಿ ಮುಟ್ಟಲಿಲ್ಲ.

"ಆವತ್ತು ನೀವು ಬಂದಿದ್ದು ನಂಗೆ ಗೊತ್ತಿತ್ತು, ಲೈಲ್. ಅವಳು ಸ್ಟೇಜ್ ಹತ್ತೋಕೆ ಮುಂಚೆನೇ. ತಡೀಬಹುದಿತ್ತು, ತಡೀಲಿಲ್ಲ. ತಪ್ಪು ನಂದು."

ಲೈಲ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಂಗ್ಯಾಕೆ ಹೇಳ್ತೀರಾ ಇದನ್ನ?" ಎಂದ. "ಆವತ್ತಿಂದ ಮಗಳು ನನ್ನ ಫೋನ್ ಎತ್ತಿಲ್ಲ. ಹಬ್ಬಕ್ಕೂ ಬರಲ್ಲ ಅಂತ ಮೆಸೇಜ್ ಹಾಕಿದಾಳೆ. ನನ್ನ ಮುಖ ನೋಡೋಕಾಗಲ್ವಂತೆ. ಅವಳಿಗೆ ಹೇಳಿ. ಅವಳು ವಾಪಸ್ ಬಂದ್ರೆ ಸಾಕು ನಂಗೆ."

ಮಾರ್ಲಿಸ್ ತನ್ನ ಫೋನಿನಿಂದಲೇ ಕರೆ ಮಾಡಿ, ಅವನಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಎರಡನೆಯ ಸಲ ರಿಂಗ್ ಆಗುವ ಮೊದಲೇ ಬ್ರಿಟಾ ಎತ್ತಿದಳು. ಅಪ್ಪನ ಕರೆ ಎತ್ತದವಳು ನಿಧಿಯ ಕರೆಯನ್ನು ತಕ್ಷಣ ಎತ್ತಿದ್ದನ್ನು ಇಬ್ಬರೂ ಗಮನಿಸಿದರು.

"ಹಲೋ ಮಿಸೆಸ್ ಹೋಲ್ಟ್! ಮತ್ತೆ ಮಾತಾಡೋಕೆ ಬರಬೇಕಾ?"

"ಇಲ್ಲಮ್ಮ. ನಿಮ್ಮಪ್ಪನ ಮನೇಲಿದೀನಿ, ಅವರೂ ಕೇಳಿಸ್ಕೋತಿದಾರೆ." ಮಾರ್ಲಿಸ್ ಫೋನಿನ ಕಡೆ ಬಾಗಿದಳು. "ಆವತ್ತು ಅಪ್ಪ ಬಂದಿರೋದು ನಂಗೆ ಗೊತ್ತಿತ್ತು. ನಿಂಗೆ ಹೇಳ್ದೆ ಮುಚ್ಚಿಟ್ಟೆ. ನಿಂದೇನೂ ತಪ್ಪಿಲ್ಲ. ನಿಂಗೆ ಗೊತ್ತೇ ಇರ್ಲಿಲ್ವಲ್ಲ."

"ಗೊತ್ತಿತ್ತು," ಎಂದಳು ಬ್ರಿಟಾ. "ಪರದೆ ಸಂದಿಯಿಂದ ನೋಡಿದ್ದೆ. ಅದಕ್ಕೇ ನಿಮ್ಮನ್ನ ಕೇಳಿದ್ದು, ಅದೇ ಹೇಳ್ಲಾ ಅಂತ. ನೀವು ಅದೇ ಅಂದ್ರಿ." ಅವಳು ಈಗ ಅಳುತ್ತಿದ್ದಳು. "ಟ್ಯೂಬಾ ನೀವು ಕೊಟ್ಟಿದ್ದು, ಕಾಲೇಜು ನೀವು ಕೊಟ್ಟಿದ್ದು. ನಿಮಗೆ ಆಗಲ್ಲ ಅಂತ ಹೇಗೆ ಹೇಳ್ಲಿ ನಾನು? ಅಪ್ಪ ಆದ್ರೆ ಹೇಗಾದ್ರೂ ಸಹಿಸ್ಕೋತಾನೆ ಅನ್ಕೊಂಡ್ಬಿಟ್ಟೆ."

ಮಾರ್ಲಿಸ್ ತನ್ನ ತಪ್ಪು ಬಾಯಿ ಮುಚ್ಚಿಕೊಂಡದ್ದು ಎಂದು ಇಷ್ಟು ದಿನ ತಿಳಿದಿದ್ದಳು. ಮಗಳು ಅಪ್ಪನನ್ನು ಒಂದು ಕಡೆ, ನಿಧಿಯನ್ನು ಇನ್ನೊಂದು ಕಡೆ ಇಟ್ಟು ಆರಿಸಬೇಕಾಗಿ ಬಂದದ್ದು ಮಾರ್ಲಿಸ್‌ಗೆ ಗೊತ್ತೇ ಇರಲಿಲ್ಲ. ಹಾಗೆ ಆರಿಸುವಂತೆ ಮಾಡಿದವಳು ತಾನು.

ಲೈಲ್ ಫೋನನ್ನು ಎತ್ತಿಕೊಂಡ. ಮಾರ್ಲಿಸ್ ಕಡೆ ನೋಡದೆ, ಕಿಟಕಿಗೆ ಮುಖ ಮಾಡಿ ನಿಂತ.

"ಮಗಾ, ಅಳಬೇಡ. ಹಬ್ಬಕ್ಕೆ ಬಾ. ಕಾಲೇಜಿಗೂ ಹೋಗು. ಕೊಟ್ಟೋರು ಕೊಟ್ಟಾಯ್ತು, ನಾವು ತಗೊಂಡಾಯ್ತು. ಇನ್ಮೇಲೆ ಯಾರಾದ್ರೂ ಬಂದು ಇನ್ನೂ ಏನಾದ್ರೂ ಕೊಡು ಅಂದ್ರೆ, ಅವರು ಯಾರೇ ಆಗ್ಲಿ, ಆಗಲ್ಲ ಅಂತ ಹೇಳು. ಎಲ್ಲಿ, ಒಂದ್ಸಲ ಹೇಳು ನೋಡೋಣ."

ಫೋನಿನಲ್ಲಿ ಬಿಕ್ಕುವ ಸದ್ದು ಕೇಳಿತು.

"ಜೋರಾಗಿ ಹೇಳು. ಇಲ್ಲೇ ಕೂತಿದಾರೆ ಅವರು."

ಮಾರ್ಲಿಸ್ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದಳು.

"ಆಗಲ್ಲ, ಮಿಸೆಸ್ ಹೋಲ್ಟ್," ಎಂದಳು ಬ್ರಿಟಾ.